ಕೊಟ್ಟಿಗೆಯ ಕೊಡ, ಅಜ್ಜನ ತೋಟಾ

ಭರಮಸಾಗರದಲ್ಲಿ ಬೆಳೆದ ನನಗೆ ಮದ್ದುಗುಂಡು ಅಂದರೆ ಎರಡೇ ನೆನಪು. ಒಂದು, ಚಿತ್ರದುರ್ಗ ಕೋಟೆಯ ಮದ್ದು ಬೀಸುವ ಕಲ್ಲು. ಇನ್ನೊಂದು, ಅಪ್ಪಾಜಿಯ ಒಂಟಿ ನಳಿಗೆ ಬಂದೂಕು. ಬೆಳೆ ರಕ್ಷಣೆಯ ಲೈಸೆನ್ಸು. ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದರೆ ಗಾಳಿಯಲ್ಲಿ ಒಂದು ಈಡು, ಅಷ್ಟೇ. ಚುನಾವಣೆ ಬಂದರೆ ಅದೂ ಠಾಣೆಗೆ ಹೋಗಿ ಕೂರುತ್ತೆ.

ಬೆಂಗಳೂರಿನ ಪಿಜಿಯಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ನನಗೆ ಹತ್ತಿದ ಚಟವೇ ಬೇರೆ. ಒಂದು ಬಂದೂಕಿನ ಖಾಲಿ ತೋಟಾದಿಂದ ಇನ್ನೊಂದರ ತೋಟಾ ಮಾಡುವ ಅಮೆರಿಕದವರ ವಿಡಿಯೊಗಳು! ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ರೈಫಲಿಗೆ ಈಗ ತೋಟಾ ಸುಲಭಕ್ಕೆ ಸಿಗಲ್ಲ. ಹಾಗಾಗಿ 24 ಬೋರ್ ಶಾಟ್‌ಗನ್ನಿನ ಹಿತ್ತಾಳೆ ಕೊಳವೆಯನ್ನು ಅಚ್ಚಿಗೆ ಒತ್ತಿ ಕತ್ತು ಸಣ್ಣ ಮಾಡ್ತಾರೆ. 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆ ಒತ್ತಿದಷ್ಟೂ ಗಡಸಾಗುತ್ತೆ, ಕೊನೆಗೆ ಸೀಳುತ್ತೆ. ನಡುವೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತೆ. ನೋಡ್ತಾ ನೋಡ್ತಾ ನನಗೂ ಕೈ ತುರಿಸಿತು.

ಗೌರಿ ಹಬ್ಬಕ್ಕೆ ಊರಿಗೆ ಹೋದವನು ಅಟ್ಟ ಹತ್ತಿದೆ. ಅಜ್ಜನ ಕಾಲದ ಡಬ್ಬಿಯಲ್ಲಿ ನಾಲ್ಕು ಖಾಲಿ ತೋಟಾ, ಪೂರ್ತಿ ಹಿತ್ತಾಳೆಯವು. “ಇವನ್ನ ಬೆಂಗ್ಳೂರಿಗೆ ತಗೊಂಡೋಗ್ತೀನಿ ಅಪ್ಪಾಜಿ, ಅಚ್ಚು ಹೊರದೇಶದಿಂದ ತರಿಸ್ತೀನಿ” ಅಂದೆ.

ಅಪ್ಪಾಜಿ ಊಟದ ಕೈ ನಿಲ್ಲಿಸಿದರು. “ಲೈಸೆನ್ಸು ನನ್ನ ಹೆಸ್ರಲ್ಲೈತೆ ಕಣಪ್ಪ. ನಿನ್ನ ಆಟಕ್ಕೆ ಅದು ಹೋದ್ರೆ, ರಾತ್ರಿ ಹೊಲ ಕಾಯಾಕೆ ನೀನು ಬರ್ತೀಯಾ?”

ಉತ್ತರ ಇರಲಿಲ್ಲ. ಆ ರಾತ್ರಿ ಕಾಯ್ದೆ ಓದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸು ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸು ಅದಕ್ಕೆ ಸಾಲದು. ಮದ್ದುಗುಂಡಿನ ಬಿಡಿಭಾಗಗಳೂ ಕಾಯ್ದೆಯ ಲೆಕ್ಕದಲ್ಲಿವೆ. ಅಲ್ಲಿ ಹವ್ಯಾಸ ಆಗಿದ್ದು ಇಲ್ಲಿ ಕೇಸು. ಬೆಳಿಗ್ಗೆ ಡಬ್ಬಿಯನ್ನು ನಾನೇ ಅಪ್ಪಾಜಿ ಕೈಗೆ ಕೊಟ್ಟೆ. ಕಪಾಟಿಗೆ ಬೀಗ ಬಿತ್ತು.

ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಅಜ್ಜಿ ತನ್ನ ತವರಿನ ಹಿತ್ತಾಳೆ ಕೊಡ ತಂದು ಮುಂದಿಟ್ಟಳು. ಕತ್ತಿನಲ್ಲಿ ಉದ್ದ ಸೀಳು. “ಯಾರೂ ಬೀಳಿಸಿಲ್ಲ ತಮ್ಮಾ. ಮಳೆಗಾಲ ಪೂರ್ತಿ ಕೊಟ್ಟಿಗ್ಯಾಗೆ ಇತ್ತು, ತಾನೇ ಬಿಟ್ಕಂತು.”

ನನಗೆ ತಟ್ಟನೆ ಹೊಳೆಯಿತು. ಬ್ರಿಟಿಷ್ ಸೇನೆಯ ತೋಟಾಗಳೂ ಭಾರತದ ಮಳೆಗಾಲದಲ್ಲಿ, ಕುದುರೆ ಲಾಯದಲ್ಲಿ ಇಟ್ಟಾಗ ಹೀಗೇ ತಾವಾಗಿ ಸೀಳುತ್ತಿದ್ದವು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ. ಕುದುರೆಯ ಗಂಜಲದಿಂದ ಏಳುವ ಅಮೋನಿಯ, ಒಳಗೆ ಬಿಗಿತ ಉಳಿದಿರುವ ಹಿತ್ತಾಳೆಯನ್ನು ಒಡೆಯುತ್ತೆ. ಪರಿಹಾರ ಮತ್ತದೇ: ಹದವಾಗಿ ಕಾಯಿಸಿ ಆ ಬಿಗಿತ ಬಿಡಿಸುವುದು.

ಮಾರನೇ ದಿನ ಕೊಡ ಹೊತ್ತು ಪಾತ್ರೆ ರಿಪೇರಿಯವರ ಹತ್ತಿರ ಹೋದೆ. ಅವರು ಕತ್ತು ಕಾಯಿಸಿ, ಸೀಳಿಗೆ ಬೆಸುಗೆ ಹಾಕುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಅಷ್ಟೂ ವಿಡಿಯೊಗಳಲ್ಲಿ ಕಾಣದ ಒಂದು ವಿಷಯ ಗೊತ್ತಾಯ್ತು: ಹಿತ್ತಾಳೆ ಕಾಯುವಾಗ ಅವರು ಕಣ್ಣು ಮಿಟುಕಿಸಲ್ಲ.

ಈಗ ಕೊಡ ಅಡುಗೆಮನೆಯಲ್ಲಿದೆ. ತಿಂಗಳಿಗೊಂದು ಶನಿವಾರ ರಾತ್ರಿ ಹೊಲ ಕಾಯುವ ಪಾಳಿ ನನ್ನದು. ಕೈಯಲ್ಲಿ ಬಂದೂಕಲ್ಲ, ಟಾರ್ಚು ಮತ್ತು ತಗಡಿನ ಡಬ್ಬ.

ನಿಮ್ಮ ಮನೆ ಅಟ್ಟದಲ್ಲೂ ಹಳೇ ತೋಟಾ ಇದ್ದರೆ ನೆನಪಿಗೆ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಮೊದಲು ಮನೆಯ ಹಿರಿಯರನ್ನು ಕೇಳಿ.