ಕೈಪಿಡಿಯ ಹೊಣೆ

ಮನೆಗೆ ಹೊಲಿಗೆಯಂತ್ರವನ್ನು ತಂದರೆ ಅದರೊಡನೆ ಒಂದು ಚಿಕ್ಕ ಪುಸ್ತಕವೂ ಬರುತ್ತದೆ. ಬಹುಮಂದಿ ಅದನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟುಬಿಡುತ್ತಾರೆ. ದಾರ ಸಿಕ್ಕುಬಿದ್ದ ದಿನ ಮಾತ್ರ ಅದರ ನೆನಪಾಗುತ್ತದೆ. ಅಂದು ಆ ಪುಸ್ತಕ ಬೇಕಾದ ಮಾತನ್ನು ಬೇಕಾದ ಕಡೆ ಹೇಳಿದರೆ ಯಂತ್ರ ನಮ್ಮದಾಗುತ್ತದೆ. ಇಲ್ಲವಾದರೆ ಅಂಗಡಿಯವನ ಬಾಗಿಲನ್ನು ಕಾಯಬೇಕು.

ಗಣಕಯಂತ್ರದ ಮಾತೂ ಹೀಗೆಯೇ. ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಇವುಗಳಲ್ಲಿ ಕೆಲವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು, ಪರರಿಗೆ ಹಂಚಬಹುದು. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬುವು ಈ ಬಗೆಯ ಮುಕ್ತ ತಂತ್ರಾಂಶಗಳು. ಯೂನಿಕ್ಸ್ ಎಂಬ ಒಂದೇ ಮನೆತನದ ರೀತಿನೀತಿಗಳು ಇವೆಲ್ಲಕ್ಕೂ ಸಮಾನ. ಇವುಗಳ ವೇಗವನ್ನೂ ಭದ್ರತೆಯನ್ನೂ ಹೋಲಿಸಿ ಬರೆದವರು ಅನೇಕರು. ನನಗಾದರೋ ಇವುಗಳ ಕೈಪಿಡಿಗಳನ್ನು ಹೋಲಿಸುವುದೇ ಹೆಚ್ಚು ಮುಖ್ಯವೆಂದು ತೋರುತ್ತದೆ. ತಿದ್ದುವ ಸ್ವಾತಂತ್ರ್ಯವನ್ನು ಕೊಟ್ಟು ತಿಳಿಯುವ ದಾರಿಯನ್ನು ಕೊಡದಿದ್ದರೆ ಆ ಸ್ವಾತಂತ್ರ್ಯವು ಮೊದಲೇ ಬಲ್ಲ ಕೆಲವರ ಸೊತ್ತಾಗಿ ಉಳಿಯುತ್ತದೆ.

ಯೂನಿಕ್ಸ್ ಹುಟ್ಟಿದುದು 1969ರಲ್ಲಿ, ಅಮೆರಿಕದ ನ್ಯೂಜರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ನಿರ್ಮಾಪಕರು. 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತ ಅದರ ಮೊದಲ ಕೈಪಿಡಿಯನ್ನು ಬರೆದವರೂ ಅವರೇ. ಅದರಲ್ಲಿ ಒಂದೊಂದು ಆಜ್ಞೆಗೂ ಪ್ರತ್ಯೇಕ ಬರಹ. ಮೊದಲು ಹೆಸರು, ಬಳಿಕ ಬಳಸುವ ಕ್ರಮ, ಅನಂತರ ವಿವರಣೆ, ಕೊನೆಯ ಭಾಗದಲ್ಲಿ ‘ದೋಷಗಳು’ ಎಂಬ ತಲೆಬರಹ! ತಾನು ಮಾಡಿದ ಕೆಲಸದಲ್ಲಿ ಎಲ್ಲಿ ಕೊರತೆಯಿದೆ ಎಂಬುದನ್ನು ಮಾಡಿದವನೇ ಅಲ್ಲಿ ಬರೆದಿಡುತ್ತಿದ್ದನು. ಸರಕು ಮಾರುವವನು ಇಂಥ ಮಾತನ್ನು ಬಾಯಿಬಿಟ್ಟು ಹೇಳಿಯಾನೆ? ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ, ವೃತ್ತಿಯನ್ನೂ ತಾನೇ ಬರೆದು ಪ್ರಯೋಗಗಳನ್ನೂ ಕೊಟ್ಟನು. ಸೂತ್ರವನ್ನು ಕಟ್ಟಿದವನಿಗೆ ಅದರ ಸಂದುಗೊಂದುಗಳು ತಿಳಿದಿರುತ್ತವೆ. ಬೆಲ್ ಪ್ರಯೋಗಾಲಯದವರ ಪುಟಗಳನ್ನು ಕಂಡಾಗ ನನಗೆ ಆ ವ್ಯಾಕರಣ ಗ್ರಂಥವೇ ನೆನಪಾಗುತ್ತದೆ.

ಆ ವಿಭಾಗದ ಮುಖ್ಯಸ್ಥರಾಗಿದ್ದ ಡಗ್ ಮೆಕಿಲ್‌ರಾಯ್ ಅವರು ಮುಂದೆ ಒಂದು ಸ್ವಾರಸ್ಯದ ಸಂಗತಿಯನ್ನು ನೆನೆದಿದ್ದಾರೆ. ಕೈಪಿಡಿಯ ಹೊಸ ಆವೃತ್ತಿಯನ್ನು ಸಿದ್ಧಪಡಿಸುವ ಕಾಲ ಬಂದಾಗಲೆಲ್ಲ ತಂತ್ರಾಂಶವನ್ನೇ ತಿದ್ದುವ ಕೆಲಸ ಬಿರುಸಾಗುತ್ತಿತ್ತಂತೆ. ಒಂದು ಆಜ್ಞೆ ಹೇಗೆ ವರ್ತಿಸುತ್ತದೆ ಎಂದು ಬರೆಯಲು ಕುಳಿತಾಗ ಅದರ ವಕ್ರತೆ ಎದ್ದು ಕಾಣುತ್ತಿತ್ತು. ಇಂಥದನ್ನು ಅಚ್ಚು ಹಾಕಿಸುವುದು ಹೇಗೆ ಎಂದು ನಾಚಿ, ವಿವರಣೆಯನ್ನು ಉದ್ದ ಮಾಡುವ ಬದಲು ಆಜ್ಞೆಯನ್ನೇ ಸರಿಪಡಿಸುತ್ತಿದ್ದರು. ಕೈಪಿಡಿಯೆಂಬುದು ಕಟ್ಟಡ ಮುಗಿದ ಮೇಲೆ ಬಳಿಯುವ ಸುಣ್ಣವಲ್ಲ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ಎಂಬುದು ಅವರಿಗೆ ತಿಳಿದಿತ್ತು. ಆ ಕಾಲದ ಯೂನಿಕ್ಸನ್ನು ಇಂದಿಗೂ ಕೈಪಿಡಿಯ ಆವೃತ್ತಿಯಿಂದಲೇ ಗುರುತಿಸುತ್ತಾರೆ; 1979ರದು ‘ಏಳನೆಯ ಆವೃತ್ತಿ’.

ಈ ಮೂಲದಿಂದ ಎರಡು ಬಗೆಯ ಸಂತತಿ ಬೆಳೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ಬೆಳೆದ ಯೂನಿಕ್ಸಿನಿಂದ 1993ರಲ್ಲಿ ಫ್ರೀಬಿಎಸ್‌ಡಿ ಹೊರಬಂದಿತು. ಅದೇ ವಂಶದ ಮತ್ತೊಂದು ಕವಲಾದ ಓಪನ್‌ಬಿಎಸ್‌ಡಿಯನ್ನು ಕೆನಡಾದ ಕ್ಯಾಲ್ಗರಿ ನಗರದ ಥಿಯೋ ಡಿ ರಾಟ್ 1995ರಲ್ಲಿ ಆರಂಭಿಸಿದರು. ಇವುಗಳಲ್ಲಿ ತಿರುಳೂ ಅದರ ಸುತ್ತಣ ಉಪಕರಣಗಳೂ ಒಂದೇ ಮನೆಯಲ್ಲಿ ಸಿದ್ಧವಾಗುತ್ತವೆ. ಲಿನಕ್ಸಿನ ಕಥೆ ಬೇರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದುದು ತಿರುಳನ್ನು ಮಾತ್ರ. ಉಪಕರಣಗಳಲ್ಲಿ ಹೆಚ್ಚಿನವು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯಿಂದ ಬಂದವು. ಮಿಕ್ಕವು ಎಲ್ಲೆಲ್ಲಿಂದಲೋ ಬಂದು ಸೇರಿದವು. ನೂರು ಊರಿನ ನೆಂಟರು ಸೇರಿ ಮಾಡಿದ ಅಡುಗೆ ರುಚಿಯಾಗಿರಬಹುದು. ಯಾವ ಡಬ್ಬಿಯಲ್ಲಿ ಏನಿದೆ ಎಂದು ಹೇಳಬಲ್ಲವರು ಮಾತ್ರ ಸಿಗುವುದು ಕಷ್ಟ.

ಒಂದು ಉದಾಹರಣೆಯನ್ನು ನೋಡೋಣ. ಕಡತಗಳ ಪಟ್ಟಿಯನ್ನು ತೋರಿಸುವ ಆಜ್ಞೆಗೆ ‘ಎಲ್‌ಎಸ್’ ಎಂದು ಹೆಸರು. ಅದರ ವಿಸ್ತಾರವಾದ ರೂಪವನ್ನು ಕೇಳಿದರೆ ಪ್ರತಿ ಸಾಲಿನ ಆರಂಭದಲ್ಲಿ ಹತ್ತು ಚಿಹ್ನೆಗಳು, ಬಳಿಕ ಒಂದು ಅಂಕಿ, ಒಡೆಯನ ಹೆಸರು, ಗುಂಪಿನ ಹೆಸರು, ಗಾತ್ರ, ದಿನಾಂಕ ಇವೆಲ್ಲ ಕಾಣುತ್ತವೆ. ಆ ಹತ್ತು ಚಿಹ್ನೆಗಳು ಏನು? ಆ ಅಂಕಿ ಯಾವುದರ ಲೆಕ್ಕ? ಕಲಿಯುವವನು ಮೊದಲು ಕೇಳುವುದೇ ಇದನ್ನು. ಓಪನ್‌ಬಿಎಸ್‌ಡಿಯ ಪುಟದಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಒಂದೊಂದು ಅಕ್ಷರದ ಅರ್ಥವೂ ಅಲ್ಲಿ ಸಿಗುತ್ತದೆ. ಲಿನಕ್ಸಿನಲ್ಲಿ ಅದೇ ಆಜ್ಞೆಯ ಪುಟವನ್ನು ತೆರೆದರೆ, ವಿಸ್ತಾರವಾದ ರೂಪವನ್ನು ಬಳಸು ಎಂಬರ್ಥದ ಒಂದು ತುಂಡು ಮಾತು ಮಾತ್ರ ಇದೆ. ಆ ಪುಟವನ್ನು ಯಾರೂ ಕುಳಿತು ಬರೆದುದಲ್ಲ. ತಂತ್ರಾಂಶವು ತಾನೇ ಒಪ್ಪಿಸುವ ಸಂಕ್ಷಿಪ್ತ ಸಹಾಯವಾಕ್ಯಗಳಿಂದ ಯಾಂತ್ರಿಕವಾಗಿ ಹೆಣೆದುದು. ಪೂರ್ಣ ವಿವರಣೆ ಬೇರೊಂದು ಗ್ರಂಥದಲ್ಲಿದೆ ಎಂದು ಅದು ಕೊನೆಯಲ್ಲಿ ಕೈತೋರಿಸುತ್ತದೆ. ಗ್ನೂ ಯೋಜನೆಯವರ ಆ ಗ್ರಂಥಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಬಾಯಾರಿದವನಿಗೆ ಬಾವಿ ಮುಂದಿನ ಬೀದಿಯಲ್ಲಿದೆ ಎಂದು ಹೇಳಿದಂತಾಯಿತು.

ನಿವೃತ್ತಿಯ ಬಳಿಕ ಲಿನಕ್ಸನ್ನು ಕಲಿಯಹೊರಟ ನನಗೂ ಈ ಅನುಭವವಾಯಿತು. ಮುದ್ರಣಯಂತ್ರವೊಂದನ್ನು ಜೋಡಿಸಲು ಕೈಪಿಡಿಯಲ್ಲಿ ದಾರಿ ಕಾಣದೆ, ಯಾರೋ ಬರೆದಿಟ್ಟಿದ್ದ ಸೂಚನೆಗಳನ್ನು ಅಕ್ಷರಶಃ ಪಾಲಿಸಿದೆ. ಅವು ಹಳೆಯ ಆವೃತ್ತಿಗೆ ಬರೆದ ಮಾತುಗಳು. ಮುದ್ರಣಯಂತ್ರ ಮಾತನಾಡಲಿಲ್ಲ, ಅದುವರೆಗೆ ಸರಿಯಾಗಿದ್ದ ಜಾಲಸಂಪರ್ಕವೂ ಎರಡು ದಿನ ಮೌನವಾಯಿತು. ಬರೆದವನು ಸುಳ್ಳು ಹೇಳಿರಲಿಲ್ಲ. ತಂತ್ರಾಂಶ ಮುಂದೆ ನಡೆದಿತ್ತು, ಬರಹ ಹಿಂದೆಯೇ ನಿಂತಿತ್ತು. ಓಪನ್‌ಬಿಎಸ್‌ಡಿಯವರು ಈ ಅಂತರಕ್ಕೆ ಎಡೆಗೊಡದಿರಲು ಶ್ರಮಿಸುತ್ತಾರೆ. ಕೈಪಿಡಿಯಲ್ಲಿನ ತಪ್ಪನ್ನು ತಂತ್ರಾಂಶದ ತಪ್ಪೆಂದೇ ಎಣಿಸುವುದು ಅವರ ನಿಯಮ.

ಹಾಗೆಂದು ಲಿನಕ್ಸಿನವರನ್ನು ಸಾರಾಸಗಟಾಗಿ ಜರೆಯುವುದು ನ್ಯಾಯವಲ್ಲ. ಲಿನಕ್ಸನ್ನು ಜೋಡಿಸಿ ಹಂಚುವ ಡೆಬಿಯನ್ ಸಮುದಾಯವು ಕೈಪಿಡಿಯ ಪುಟವಿಲ್ಲದ ಆಜ್ಞೆಯನ್ನು ದೋಷವೆಂದೇ ತನ್ನ ನಿಯಮಾವಳಿಯಲ್ಲಿ ಸಾರಿದೆ. ಆರ್ಚ್ ಲಿನಕ್ಸನ್ನು ಬಳಸುವವರು ಕೂಡಿ ಬರೆದ ವಿವರಣೆಗಳನ್ನು ಬೇರೆ ಲಿನಕ್ಸುಗಳ ಬಳಕೆದಾರರೂ ಹುಡುಕಿಕೊಂಡು ಬಂದು ಓದುತ್ತಾರೆ. ತಿರುಳಿನ ಕೈಪಿಡಿಯನ್ನು ಮೈಕೇಲ್ ಕೆರಿಸ್ಕ್ ಎಂಬವರು 2004ರಿಂದ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ನೋಡಿಕೊಂಡರು. ಅವರ ಬಳಿಕ ಆ ಹೊರೆಯನ್ನು ಹೊತ್ತವರು, ಸಂಬಳವಿಲ್ಲದೆ ಇನ್ನು ಮುಂದುವರಿಸಲಾರೆನೆಂದು 2024ರಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಅನಂತರ ನೆರವೇನೋ ದೊರೆಯಿತು. ಆದರೆ ಲೋಕದ ಅಸಂಖ್ಯ ಗಣಕಗಳನ್ನು ನಡೆಸುವ ತಂತ್ರಾಂಶದ ಕೈಪಿಡಿ ಒಬ್ಬ ವ್ಯಕ್ತಿಯ ಬಿಡುವಿನ ಮೇಲೆ ನಿಂತಿತ್ತೆಂಬುದು ನೆನೆದರೆ ಕಳವಳವನ್ನುಂಟುಮಾಡುವ ಸಂಗತಿ.

ಓಪನ್‌ಬಿಎಸ್‌ಡಿಯ ಪುಟಗಳಲ್ಲಿಯೂ ಒಂದು ಕೊರತೆಯಿದೆ. ಅವು ಸೂತ್ರದಂತೆ ಬಿಗಿಯಾದವು. ಆಜ್ಞೆಯ ಹೆಸರು ಗೊತ್ತಿದ್ದವನಿಗೆ ಎಲ್ಲವನ್ನೂ ಹೇಳುತ್ತವೆ, ಹೆಸರೇ ಗೊತ್ತಿಲ್ಲದವನಿಗೆ ಬಾಗಿಲು ಯಾವುದೆಂದು ತೋರಿಸುವುದಿಲ್ಲ. ಈ ದೃಷ್ಟಿಯಿಂದ ಫ್ರೀಬಿಎಸ್‌ಡಿಯವರ ‘ಹ್ಯಾಂಡ್‌ಬುಕ್’ ಮೇಲೆಂದು ನನ್ನ ಅಭಿಪ್ರಾಯ. ಮೊದಲ ಸ್ಥಾಪನೆಯಿಂದ ತೊಡಗಿ ಅಧ್ಯಾಯ ಅಧ್ಯಾಯವಾಗಿ, ಒಳ್ಳೆಯ ಪಠ್ಯಪುಸ್ತಕದಂತೆ ಅದು ಕೈಹಿಡಿದು ನಡೆಸುತ್ತದೆ. ಹಲವು ಭಾಷೆಗಳಿಗೂ ಅದು ಅನುವಾದವಾಗಿದೆ.

ಕನ್ನಡದಲ್ಲಿ ಇಂಥದೊಂದು ಕೈಪಿಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಲಿನಕ್ಸಿನ ತೆರೆಯ ಮೇಲೆ ಕಾಣುವ ಪದಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ; ‘ಫೈಲ್’ ಎಂಬುದಕ್ಕೆ ‘ಕಡತ’ ಎಂಬ ಹಳೆಯ ಮಾತನ್ನು ಆರಿಸಿಕೊಂಡಿದ್ದಾರೆ. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಹೊತ್ತಗೆಯೇ ನಮ್ಮ ಹಿರಿಯರ ಕಡತ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಜ್ಞರು ಇಂದಿಗೂ ಓದುತ್ತಾರೆ. ಹುಡುಗನೊಬ್ಬ ತೆರೆಯ ಮೇಲೆ ಆ ಪದವನ್ನು ಒತ್ತಿ, ಮುಂದೇನೆಂದು ತಿಳಿಯದೆ ‘ಸಹಾಯ’ವನ್ನು ಕೇಳಿದರೆ ಅನೇಕ ವೇಳೆ ಕಾಣುವುದು ಇಂಗ್ಲಿಷ್ ಪುಟ.