ದೋಣಿಗಳ ದಿಬ್ಬಣದಲ್ಲಿ ಒಂದು ವಾರ

ಹಳಿಯಾಳದ ಸೋದರಿಯೊಬ್ಬರು ಬರೆದಿದ್ದಾರೆ: "ನಮ್ಮ ಮೈದುನನ ಮಗ-ಸೊಸೆ ಗ್ರೀಸ್ ದೇಶಕ್ಕೆ ಹೋಗಿ ಏಳು ದಿನ ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ತಿರುಗಾಡಿ ಬಂದರಂತೆ. ಫೋಟೋ ನೋಡಿ ನನಗೂ ಆಸೆ ಆಯ್ತು. ಸಮುದ್ರ ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮಂಥವರಿಗೆ ಅಂಥದ್ದು ಆಗೋ ಮಾತೇ ಅಕ್ಕಾ?"

ಆಗೋ ಮಾತೇ. ಆದರೆ ಸ್ವಲ್ಪ ಬೇರೆ ತರಹ.

ಗ್ರೀಸಿನಲ್ಲಿ ಈ ಪದ್ಧತಿ ಶುರುವಾದದ್ದು 1970ರ ದಶಕದಲ್ಲಿ. ಹತ್ತು-ಹನ್ನೆರಡು ಸಣ್ಣ ಹಾಯಿದೋಣಿಗಳು, ಒಂದೊಂದರಲ್ಲಿ ಒಂದೊಂದು ಸಂಸಾರ. ಮುಂದೆ ಮುಂದಾಳಿನ ದೋಣಿ. ಅದರಲ್ಲಿ ದಾರಿ ಬಲ್ಲವನೊಬ್ಬ, ಎಂಜಿನ್ ರಿಪೇರಿ ಮಾಡುವವನೊಬ್ಬ, ಊಟ-ತಂಗುದಾಣ ನೋಡಿಕೊಳ್ಳುವವರೊಬ್ಬರು. ಹಗಲು ಬೇಕಾದ ಹಾಗೆ ತೇಲುವುದು, ಸಂಜೆ ಎಲ್ಲರೂ ಒಂದೇ ಬಂದರಿನಲ್ಲಿ ಕೂಡುವುದು. ಅಂದರೆ ನಮ್ಮ ಮದುವೆ ದಿಬ್ಬಣವೇ, ಎತ್ತಿನ ಗಾಡಿ ಬದಲು ದೋಣಿ ಅನ್ನಿ. ನಮ್ಮ ಕರಾವಳಿಯಲ್ಲಿ ಆ ಕಸುಬು ಹಾಗೆ ಬೆಳೆದಿಲ್ಲ. ನಮ್ಮ ನಡುಗಡ್ಡೆಗಳು ಊರು-ಕೇರಿ ಇರುವಂಥವೂ ಅಲ್ಲ. ಕಲ್ಲು, ಕಾಡು, ಒಂದು ಗುಡಿ, ಹಳೇ ಕೋಟೆ ಗೋಡೆ. ಹಾಗಾಗಿ ನಾನು ಹೇಳುವ ಏರ್ಪಾಡು ಇಷ್ಟು: ಹಗಲು ನೀರಿನ ಮೇಲೆ, ರಾತ್ರಿ ನೆಲದ ಮೇಲೆ. ಗುರುತಿನ ಮೂರು-ನಾಲ್ಕು ಸಂಸಾರ ಒಟ್ಟಿಗೆ ಹೊರಡಿ. ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಕಡಲಿನ ಮಕ್ಕಳೇ ಬಲೆ ಮಡಿಚಿ ಇಟ್ಟಾಗ ನಮಗೇನು ಕೆಲಸ?

ಮೊದಲ ದಿನ ಎಲ್ಲಿಗೂ ದೂರ ಹೋಗುವುದು ಬೇಡ. ಕಾಳಿ ನಮ್ಮ ಜೋಯಿಡಾ ತಾಲ್ಲೂಕಿನಲ್ಲೇ ಹುಟ್ಟಿ, ದಾಂಡೇಲಿ ಸುತ್ತಿ, ಕದ್ರಾ ದಾಟಿ, ಸದಾಶಿವಗಡದ ಬುಡದಲ್ಲಿ ಕಡಲು ಸೇರುವ ಹೊಳೆ. ಉದ್ದ 184 ಕಿಲೋಮೀಟರು. ಗಣೇಶಗುಡಿಯಲ್ಲಿ ನಿಂತು ಸೂಪಾ ಅಣೆಕಟ್ಟೆಯ ಹಿನ್ನೀರನ್ನು ಮಕ್ಕಳಿಗೆ ತೋರಿಸಿ. ಅಣೆಕಟ್ಟೆಯ ಎತ್ತರ 101 ಮೀಟರು. ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ ನಿಂತಿವೆ, ಅದರಡಿಯಲ್ಲಿ ಹಳೇ ಸೂಪಾ ಊರು ಮುಳುಗಿದೆ. ಜೋಯಿಡಾದ ಹಿರಿಯ ಹೆಂಗಸರು ಆ ಊರಿನ ಪೇಟೆ-ಬೀದಿ ಈಗಲೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. ನೀರು ಕೊಡುತ್ತದೆ, ತಗೊಳ್ಳುತ್ತದೆ ಅನ್ನುವುದು ಅವರಿಗೆ ಪುಸ್ತಕದ ಮಾತಲ್ಲ.

ಎರಡನೇ ದಿನ ಅಣಶಿ ಘಟ್ಟ ಇಳಿದು ಕಾರವಾರ. ಅಲ್ಲಿ ಮೂರು ದಿನ ನಿಲ್ಲಿ. ಸಂಜೆ ಹೊಳೆಯಲ್ಲಿ ಸಣ್ಣ ದೋಣಿ ಹತ್ತಿ ಮೈ ಒಗ್ಗಿಸಿಕೊಳ್ಳಿ, ನೇರ ಕಡಲಿಗೆ ಬೇಡ. ಕಾಂಡ್ಲಾ ಗಿಡಗಳ ನಡುವೆ ಬೆಳ್ಳಕ್ಕಿ ಕೂತಿರುತ್ತವೆ. ಸದಾಶಿವಗಡದ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದು ಪೇಪರಿನಲ್ಲಿ ಓದಿದ್ದೀರಲ್ಲ, ಆ ಜಾಗ ಇಲ್ಲೇ. ಇದೇ ಹೊಳೆಯಲ್ಲಿ ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ಜಡ್ಜ್. ಮನೆಯವರೆಲ್ಲ ಕೂಡಿ ಹೊಳೆಯಲ್ಲಿ ಮೇಲಕ್ಕೆ ಹೋಗಿ, ಕೋಟೆ ಗುಡ್ಡದ ಬಳಿ ಇಳಿದು, ರೈತನೊಬ್ಬನ ಗುಡಿಸಿ ಚೊಕ್ಕಟ ಮಾಡಿದ ಅಂಗಳದಲ್ಲಿ ಕೂತು ಬುತ್ತಿ ಉಂಡರು ಎಂದು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮರಳಿ ಬರುವಾಗ ದೋಣಿ ಅಳಿವೆ ಮುಟ್ಟುವುದು ಬಹಳ ತಡವಾಯಿತು. ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದರಂತೆ. ನನಗೆ ಆ ಕತೆಯಲ್ಲಿ ಬಹಳ ಹಿಡಿಸಿದ್ದು ಈ ನಡೆದದ್ದೇ. ದೋಣಿ ಹೋಗುವುದಿಲ್ಲ ಅಂದರೆ ಇಳಿದುಬಿಡುವುದು, ಅದರಲ್ಲಿ ಅವಮಾನವೇನಿಲ್ಲ.

ಕಾರವಾರದ ಕಡಲಲ್ಲಿ ನೋಡಬೇಕಾದ ನಡುಗಡ್ಡೆಗಳು ಮೂರು. ದೇವಗಡದ ದೀಪಸ್ತಂಭ 1864ರದ್ದು. ಅಂಜದೀವ ಗೋವೆಗೆ ಸೇರಿದ್ದು, ಈಗ ನೌಕಾಪಡೆಯ ಕೈಯಲ್ಲಿದೆ, ದೂರದಿಂದ ನೋಡಿದರೆ ಆಯಿತು. ವಾಸ್ಕೋ ಡ ಗಾಮ 1498ರಲ್ಲಿ ಮರಳುವಾಗ ಅಲ್ಲಿ ಹಡಗು ದುರಸ್ತಿ ಮಾಡಿಸಿಕೊಂಡ. ಮುಂಬಯಿಯನ್ನು ವಶಕ್ಕೆ ತಗೊಳ್ಳಲು ಬಂದ ಇಂಗ್ಲಿಷ್ ದಂಡು ಪೋರ್ಚುಗೀಸರು ಬಿಟ್ಟುಕೊಡುವತನಕ ಅಲ್ಲೇ ಕಾದು, ಮಳೆ-ಜ್ವರಕ್ಕೆ ಸಿಕ್ಕಿ ಬಹುಪಾಲು ಸತ್ತಿತು. ದಂಡಿನ ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಅಲ್ಲೇ ತೀರಿಕೊಂಡ. 1961ರ ಡಿಸೆಂಬರಿನ ಗೋವಾ ವಿಮೋಚನೆಯಲ್ಲಿ ನಮ್ಮ ನೌಕಾಪಡೆಯ ಏಳು ಜನ ಅದೇ ನೆಲದಲ್ಲಿ ಪ್ರಾಣ ಕೊಟ್ಟರು. ಇಷ್ಟು ಹೇಳಿದರೆ ಮಕ್ಕಳು ಆ ಹಸಿರು ಗುಡ್ಡವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಮೂರನೆಯದು ಕೂರ್ಮಗಡ. ಆಮೆ ಬೆನ್ನಿನ ಆಕಾರ, ಮೇಲೆ ನರಸಿಂಹ ದೇವರ ಗುಡಿ. ದಾರಿಯಲ್ಲಿ ಡಾಲ್ಫಿನ್ ಬೆನ್ನು ಕಂಡರೆ ನಿಮ್ಮ ಪುಣ್ಯ. ನಮ್ಮದೇ ದೋಣಿ ದಿಬ್ಬಣ ನೋಡಬೇಕಾದರೆ ಗ್ರೀಸಿಗೆ ಹೋಗಬೇಕಿಲ್ಲ, ಪುಷ್ಯ ಹುಣ್ಣಿಮೆಗೆ ಇಲ್ಲಿಗೆ ಬನ್ನಿ. ಅವತ್ತು ಜಾತ್ರೆ. ಮೀನುಗಾರರು ಬೋಟುಗಳನ್ನು ಸಿಂಗರಿಸಿ ಸಾಲು ಸಾಲಾಗಿ ಹೊರಡುತ್ತಾರೆ. ವರ್ಷವಿಡೀ ಗಂಡಸರು ಮಾತ್ರ ಹತ್ತುವ ಬೋಟುಗಳಲ್ಲಿ ಅವತ್ತು ಹೆಂಗಸರು-ಮಕ್ಕಳು ಹೂ ಮುಡಿದು ಕೂತಿರುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 2019ರ ಜನವರಿ 21ರಂದು ಇದೇ ಜಾತ್ರೆಯ ದಿನ ಒಂದು ಬೋಟು ಮಗುಚಿ 16 ಜನ ತೀರಿಹೋದರು. ಅವರಲ್ಲಿ ಮಕ್ಕಳೂ ಇದ್ದರು. ಹಾವೇರಿ ಜಿಲ್ಲೆಯ ಒಂದೇ ಮನೆತನದ ಹಲವರು ಇದ್ದರು. ಮುಂಡಗೋಡದಿಂದ ಹಾವೇರಿ ಜಿಲ್ಲೆಯ ಗಡಿ ಎಷ್ಟು ದೂರ ಹೇಳಿ? ಅವರು ನಮ್ಮ-ನಿಮ್ಮಂಥವರೇ, ಬುತ್ತಿ ಕಟ್ಟಿಕೊಂಡು ಸಮುದ್ರ ನೋಡಲು ಇಳಿದವರು. ಹೆದರಿಸಲಿಕ್ಕೆ ಇದನ್ನು ಬರೆಯುತ್ತಿಲ್ಲ. "ಬೇಡಪ್ಪಾ, ನೀವೆಲ್ಲ ಹೋಗಿ ಬನ್ನಿ, ನಾನು ಚಪ್ಪಲಿ-ಚೀಲ ಕಾಯ್ತೀನಿ" ಅಂತ ದಡದಲ್ಲೇ ಕೂರುವ ಅಭ್ಯಾಸ ನಮಗೆ ಮೊದಲೇ ಇದೆ, ಅದಕ್ಕೆ ಇನ್ನೊಂದು ನೆಪ ಬೇಡ. ಆದರೆ ತಿಳಿದು ಹತ್ತಬೇಕು.

ಕಡಲಿನ ನಡುವಿಗಿಂತ ಹೊಳೆ ಕಡಲು ಸೇರುವ ಅಳಿವೆಯೇ ಕಷ್ಟದ ಜಾಗ. ಅಲ್ಲಿ ಆಳ ಕಡಿಮೆ, ಅಡಿಯಲ್ಲಿ ಮರಳ ದಿಬ್ಬ. ಭರತಿ ಇಳಿಯುವಾಗ ಹೊಳೆನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಕಡಲ ಅಲೆ ಒಳಗೆ ನುಗ್ಗುತ್ತದೆ. ಎರಡೂ ಎದುರಾದಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಉಬ್ಬರ-ಇಳಿತ ದೊಡ್ಡದು. ಅಷ್ಟಮಿಯ ಆಸುಪಾಸು ಸಣ್ಣದು. ದಿನಕ್ಕೆ ಎರಡು ಸಲ ಏರಿಳಿದು, ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ನೋಡುವವರು ನಾವು; ಅದರಲ್ಲೇ ಕಡಲಿನ ಹದವೂ ಇದೆ. ಪ್ರವಾಸದ ವಾರವನ್ನು ಅಷ್ಟಮಿ ಸುತ್ತ ಇಟ್ಟುಕೊಳ್ಳಿ. ಇನ್ನು ಗಾಳಿ. ಚಳಿಗಾಲದಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತಣ್ಣಗೆ ಬೀಸುತ್ತದೆ, ಕಡಲು ಸಮಾಧಾನವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಜೋರಾಗಿ ಬರುತ್ತದೆ. ಆದ್ದರಿಂದ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದೊಳಗೆ ದಡಕ್ಕೆ ಬಂದುಬಿಡಬೇಕು.

ಬೋಟು ಮಗುಚುವುದು ಹೇಗೆ ಅಂತ ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದು. ಹಂಡೆ ನೀರಿನಲ್ಲಿ ಒಂದು ಬೋಗುಣಿ ತೇಲಿಬಿಡಿ. ತಳದಲ್ಲಿ ಅಕ್ಕಿ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಅಕ್ಕಿಯನ್ನು ಎತ್ತರದ ಲೋಟದಲ್ಲಿ ತುಂಬಿ ಬೋಗುಣಿಯೊಳಗೆ ನಿಲ್ಲಿಸಿ, ಅಂಚಿಗೆ ಬೆರಳು ತಾಗಿಸಿ ನೋಡಿ. ಕೂತ ಜನ ಅಂದರೆ ತಳದ ಅಕ್ಕಿ, ನಿಂತ ಜನ ಅಂದರೆ ಲೋಟ. "ಡಾಲ್ಫಿನ್, ಡಾಲ್ಫಿನ್" ಅಂತ ಎಲ್ಲರೂ ಎದ್ದು ಒಂದೇ ಕಡೆ ಬಾಗಿದರೆ ಆಗುವುದು ಅದೇ.

ಹತ್ತುವ ಮುಂಚೆ ಕೇಳಿ: ಇದರಲ್ಲಿ ಎಷ್ಟು ಜನಕ್ಕೆ ಪರವಾನಗಿ? ಅಷ್ಟೂ ಜನಕ್ಕೆ ಜಾಕೆಟ್ ಇದೆಯೇ, ಮಕ್ಕಳ ಅಳತೆಯದು ಇದೆಯೇ? ಮೂಲೆಯಲ್ಲಿ ರಾಶಿ ಹಾಕಿದ ಜಾಕೆಟ್ ಇದ್ದೂ ಇಲ್ಲದ ಹಾಗೆ. ಮೈಮೇಲೆ ಹಾಕಿ ಪಟ್ಟಿ ಬಿಗಿಯಬೇಕು. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಿನಲ್ಲಿ ಅದು ತಲೆಯ ಮೇಲಿಂದ ಜಾರಿಹೋಗುತ್ತದೆ. "ಏನೂ ಆಗಲ್ಲ ಅಮ್ಮಾ, ಹತ್ತಿ ಹತ್ತಿ" ಅಂತ ಅವಸರ ಮಾಡಿದರೆ ಹತ್ತಬೇಡಿ. ಗಂಡ, ಮಾವ, ಜೊತೆಯವರು ಮುಖ ಸಣ್ಣ ಮಾಡಿಕೊಂಡರೂ ಪರವಾಗಿಲ್ಲ. ಮನೆಯಲ್ಲಿ ಹಾಲು ಉಕ್ಕುವುದನ್ನು ಮೊದಲು ಕಾಣುವುದು ಯಾರು? ಇಲ್ಲಿಯೂ ಬಾಯಿಬಿಟ್ಟು ಹೇಳುವುದು ನಮ್ಮ ಹಕ್ಕೇ. ನಾಲ್ಕು ಸಂಸಾರಕ್ಕೆ ಎರಡು ಬೋಟು ಹಿಡಿಯಿರಿ, ಒಂದನ್ನೊಂದು ಕಣ್ಣಳತೆಯಲ್ಲಿ ಇಟ್ಟುಕೊಂಡು ಹೋಗಲು ಹೇಳಿ. ದಿಬ್ಬಣದ ನಿಜವಾದ ಲಾಭವೇ ಅದು.

ಸೀರೆಯ ಮಾತೂ ಹೇಳಿಬಿಡುತ್ತೇನೆ. ಒದ್ದೆಯಾದ ಆರು ಗಜದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಸೋಲುತ್ತಾಳೆ. ಚೂಡಿದಾರ ಒಳ್ಳೆಯದು. ಅತ್ತೆಯವರು ಸೀರೆಯೇ ಬೇಕೆಂದರೆ ಕಚ್ಚೆ ಹಾಕಿಕೊಳ್ಳಲಿ, ಸೆರಗನ್ನು ಜಾಕೆಟ್ಟಿನ ಒಳಗೆ ಸೇರಿಸಲಿ.

ಐದನೇ ದಿನ ರೈಲು ಹತ್ತಿ. ಕೊಂಕಣ ರೈಲು ಕಾರವಾರದಿಂದ ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ ಮುಟ್ಟಿಸುತ್ತದೆ, ಸಾಮಾನು ಹೊರುವ ತಾಪತ್ರಯ ಕಡಿಮೆ. ಗೋಕರ್ಣದಲ್ಲಿ ದೇವರ ದರ್ಶನ ಮಾಡಿ ತದಡಿಯಿಂದ ಅಘನಾಶಿನಿ ಹೊಳೆ ದಾಟಿ. ಅಣೆಕಟ್ಟೆ ಕಾಣದ ಹೊಳೆ ಅದು. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು ಆರಿಸುತ್ತಿರುತ್ತಾರೆ. ಅವರಿಗೆ ಕಡಲು ಪ್ರವಾಸವಲ್ಲ, ಸಂಬಳ. ಉಬ್ಬರದ ವೇಳೆ ಅವರಷ್ಟು ಚೆನ್ನಾಗಿ ಹೇಳುವವರು ಬೇರೆ ಸಿಗಲಾರರು, ಮಾತಾಡಿಸಿ.

ಆರನೇ ದಿನ ಹೊನ್ನಾವರ. ಶರಾವತಿ ಸೇತುವೆ 2 ಕಿಲೋಮೀಟರಿಗೂ ಉದ್ದ, ಆ ರೈಲುಮಾರ್ಗದಲ್ಲೇ ದೊಡ್ಡದು. ಹಿನ್ನೀರಿನ ದೋಣಿ ಮುದುಕರಿಗೂ ಸಲೀಸು. ಕಡಲೊಳಗೆ ಕೆಂಪು ಕಲ್ಲಿನ ಗೋಡೆ ಸುತ್ತಿದ ಬಸವರಾಜ ದುರ್ಗ ಇದೆ, ಅದು ಕೆಳದಿ ಅರಸರ ಕಾಲದ ಕೋಟೆ. ಇಳಿಯುವ ಜಾಗ ಕಲ್ಲು-ಬಂಡೆ. ಮೊಣಕಾಲು ನೋವಿದ್ದವರು ಬೋಟಿನಿಂದಲೇ ನೋಡಲಿ.

ಏಳನೇ ದಿನಕ್ಕೆ ಮುರ್ಡೇಶ್ವರ. ನೇತ್ರಾಣಿ ಅಲ್ಲಿಂದ ದೂರದ ಕಡಲಿನಲ್ಲಿದೆ. ಹವಳ ನೋಡಲು ನೀರಿನೊಳಗೆ ಮುಳುಗಿಸುವವರು ಅಲ್ಲಿಗೆ ಕರೆದೊಯ್ಯುತ್ತಾರೆ. ಕಾಲೇಜಿನ ಮಕ್ಕಳು ಹೋಗಿ ಬರಲಿ. ಆರು ದಿನ ಸುತ್ತಿ ಸುಸ್ತಾದ ನನ್ನಂಥವರಿಗೆ ದಡದ ಕಾಫಿಯೇ ನೇತ್ರಾಣಿ.

ಬುತ್ತಿಯ ವಿಚಾರ. ಅಲೆಯ ಮೇಲೆ ಎಣ್ಣೆ ಪದಾರ್ಥ, ಹಾಲು ಹೊಟ್ಟೆ ತೊಳಸುತ್ತವೆ. ಹಸಿದ ಹೊಟ್ಟೆಯೂ ಒಳ್ಳೆಯದಲ್ಲ. ಹಳಿಯಾಳ, ಮುಂಡಗೋಡದ ಕಡೆಯ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಸಾಕು. ಶುಂಠಿಗೆ ಉಪ್ಪು-ಲಿಂಬೆ ಹಚ್ಚಿ ಒಣಗಿಸಿಟ್ಟುಕೊಂಡರೆ ಬಾಯಲ್ಲಿ ಒಂದು ಚೂರು ಇರಲಿ. ವಾಂತಿಯ ಮಾತ್ರೆ ಬೇಕಾದವರು ಡಾಕ್ಟರನ್ನು ಕೇಳಿ ಹೊರಡುವ ಮುಂಚೆಯೇ ತಗೊಳ್ಳಬೇಕು, ಶುರುವಾದ ಮೇಲೆ ಪ್ರಯೋಜನ ಕಡಿಮೆ. ಬೋಟಿನ ನಡುವೆ ಕೂತು ದೂರದ ಅಂಚನ್ನು ನೋಡಿ, ಮೊಬೈಲು ನೋಡಬೇಡಿ. ಒಣ ಮುರುಗಲು ಸಿಪ್ಪೆಯನ್ನು ಎಂಟು-ಹತ್ತು ಹಿಡಿ ಕಟ್ಟಿಕೊಂಡು ಹೋಗಿ. ರಾತ್ರಿ ಒಂದು ಹಿಡಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆಪುಡಿ ಬೆರೆಸಿದರೆ ಬಿಸಿಲಿಗೆ ಅದಕ್ಕಿಂತ ಬೇರೆ ಬೇಡ. ಸ್ಟೀಲಿನ ಬಾಟಲಿಯಲ್ಲಿ ಬಹಳ ಹೊತ್ತು ಇಡಬೇಡಿ, ಹುಳಿ ಹಿಡಿಯುತ್ತದೆ. ಗಾಜು ಒಡೆಯುವ ಭಯವಿದ್ದರೆ ಒಳ್ಳೆಯ ಪ್ಲಾಸ್ಟಿಕ್ ಆಗಬಹುದು. ಉಪ್ಪುನೀರಿನ ಬಟ್ಟೆಯನ್ನು ಹಾಗೇ ಮಡಿಚಿ ಚೀಲಕ್ಕೆ ತುರುಕದೆ ಅಂದೇ ಸಿಹಿನೀರಿನಲ್ಲಿ ಜಾಲಿಸಿ ಹಿಂಡಿ, ಇಲ್ಲದಿದ್ದರೆ ಊರು ಮುಟ್ಟುವುದರೊಳಗೆ ಮುಗ್ಗುಲು ವಾಸನೆ ಬರುತ್ತದೆ.