ಎಷ್ಟು ಮಿಲಿಗ್ರಾಂ, ಅಜ್ಜಾ?

ಮಕ್ಕಳೇ, ಮೊನ್ನೆ ನಮ್ಮನೆಯಲ್ಲಿ ನಡೆದ ಒಂದು ಪ್ರಸಂಗ ಕೇಳಿ. ಆರನೇ ಕ್ಲಾಸಿನ ಮೊಮ್ಮಗಳ ಕೈಗೆ ಚೀಟಿ ಕೊಟ್ಟು ಮೆಡಿಕಲ್ ಶಾಪಿಗೆ ಕಳಿಸಿದ್ದೆ. ಬಿ.ಪಿ. ಮಾತ್ರೆಯ ಹೆಸರನ್ನೇನೋ ಬರೆದಿದ್ದೆ, ಆದರೆ ಎಷ್ಟು ಮಿಲಿಗ್ರಾಂ ಎಂದು ಬರೆಯಲು ಮರೆತಿದ್ದೆ. ಅವಳು ಬರಿಗೈಯಲ್ಲಿ ವಾಪಸ್ ಬಂದಳು.

“ಎಷ್ಟು ಮಿಲಿಗ್ರಾಂ ಅಂತ ಕೇಳಿದ್ರು ಅಜ್ಜಾ. ನೀನು ಬರ್ದೇ ಇಲ್ವಲ್ಲ!”

ತಪ್ಪು ನನ್ನದೇ. ಅಂಗಡಿಯವರು ಕೇಳಿದ್ದು ಒಳ್ಳೆಯದೇ ಆಯಿತು. ಕೇಳದೆ ಯಾವುದೋ ಒಂದನ್ನು ಕೊಟ್ಟು ಕಳಿಸಿದ್ದರೆ? ಕಂಪ್ಯೂಟರ್ ಲೋಕದಲ್ಲೂ ಇಂಥದೇ ಒಂದು ಚೀಟಿಯ ಕಥೆ ಇದೆ. ಈ ವಾರ ಅದನ್ನೇ ಹೇಳುತ್ತೇನೆ.

ನಮ್ಮ ಫೋನು, ಬ್ಯಾಂಕು, ಆಸ್ಪತ್ರೆ ಎಲ್ಲವೂ ಇಂದು ಸಾಫ್ಟ್‌ವೇರ್ ಮೇಲೆ ನಡೆಯುತ್ತವೆ. ಅದನ್ನು ಬರೆಯುವವರೂ ಮನುಷ್ಯರೇ, ಹಾಗಾಗಿ ತಪ್ಪುಗಳು ಉಳಿದುಬಿಡುತ್ತವೆ. ಕಳ್ಳರು ಒಳನುಗ್ಗಲು ದಾರಿಯಾಗುವ ತಪ್ಪಿಗೆ ಭದ್ರತಾ ದೋಷ ಎನ್ನುತ್ತಾರೆ.

ಒಂದು ಉದಾಹರಣೆ ನೋಡಿ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರಿನಲ್ಲಿ. ನಾವು ಕಳಿಸುವ ಪಾಸ್‌ವರ್ಡು, ಪತ್ರಗಳನ್ನು ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವುದೇ ಅದರ ಕೆಲಸ. ಯಾರೋ ಒಂದು ಸೇರು ಅಕ್ಕಿ ಕೊಟ್ಟು, ಆಮೇಲೆ ‘ನಾನು ಕೊಟ್ಟ ಒಂದು ಮೂಟೆ ಅಕ್ಕಿ ವಾಪಸ್ ಕೊಡಿ’ ಎಂದರೆ ಅಜ್ಜಿ ಕೊಡುತ್ತಾರೆಯೇ? ಈ ಸಾಫ್ಟ್‌ವೇರ್ ಕೊಟ್ಟುಬಿಡುತ್ತಿತ್ತು! ತನಗೆ ಬಂದ ಮಾತು ಎಷ್ಟು ಉದ್ದ ಎಂದು ಅಳೆಯದೆ, ಎದುರಿನವರು ಹೇಳಿದ ಅಳತೆಯನ್ನೇ ನಂಬುತ್ತಿತ್ತು. ಹಾಗಾಗಿ ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದ ಬೇರೆಯವರ ಗುಟ್ಟುಗಳನ್ನೂ ಸೇರಿಸಿ ಕಳಿಸುತ್ತಿತ್ತು.

ಇಂಥ ದೋಷಗಳಿಗೆಲ್ಲ ಒಂದೊಂದು ನಂಬರ್ ಕೊಟ್ಟು ದಾಖಲಿಸುವ ಪಟ್ಟಿ 1999ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದರ ಹೆಸರು ಸಿವಿಇ. ಹಾರ್ಟ್‌ಬ್ಲೀಡ್‌ನ ನಂಬರ್ ಸಿವಿಇ-2014-0160. ಓಪನ್‌ಎಸ್‌ಎಸ್‌ಎಲ್‌ನ 1.0.1 ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ ಈ ದೋಷವಿತ್ತು. 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿದರು. ನೋಡಿದಿರಾ, ಅಪಾಯಕ್ಕೂ ಸುರಕ್ಷತೆಗೂ ನಡುವೆ ಇದ್ದದ್ದು ಕೊನೆಯ ಒಂದೇ ಅಕ್ಷರ.

ಈಗ ಆ ಪಟ್ಟಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ದೋಷಗಳಿವೆ. ಕೂತು ಓದಿ ಮುಗಿಸಲಾಗದು. ಆದ್ದರಿಂದ ಹುಡುಕಿಕೊಡುವ ಸಾಧನಗಳನ್ನು ಮಾಡಿದ್ದಾರೆ. ಈಚೆಗೆ ಆ ಸಾಧನಗಳನ್ನು ಎಐ ಏಜೆಂಟ್‌ಗಳೂ ಬಳಸುತ್ತವೆ. ಏಜೆಂಟ್ ಎಂದರೆ, ‘ನಮ್ಮ ಕಂಪ್ಯೂಟರಿನಲ್ಲಿ ದೋಷ ಇದೆಯೇ ನೋಡು’ ಎಂದರೆ ಯಾವ ಸಾಧನ ಬೇಕು, ಅದಕ್ಕೆ ಏನು ಕೇಳಬೇಕು ಎಂದು ತಾನೇ ತೀರ್ಮಾನಿಸಿ ಕೆಲಸ ಮಾಡುವ ಪ್ರೋಗ್ರಾಂ. ಆದರೆ ಸಾಧನ ಏನು ಮಾಡುತ್ತದೆ ಎಂದು ಅದಕ್ಕೆ ತಿಳಿಯುವುದು ಹೇಗೆ? ಸಾಧನ ಮಾಡಿದವರು ಬರೆದಿಟ್ಟ ವಿವರಣೆಯಿಂದ. ಅದೇ ಅದರ ಕೈಯಲ್ಲಿರುವ ಚೀಟಿ.

ಮೆಡಿಕಲ್ ಶಾಪಿನವರು ಅನುಮಾನ ಬಂದಾಗ ಕೇಳಿದರು. ಏಜೆಂಟ್ ಕೇಳದೆ ಊಹಿಸಿಬಿಡಬಹುದು. ಹಾಗಾಗಿ ಆ ಚೀಟಿಯಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕು.

ಒಂದು: ಸಾಫ್ಟ್‌ವೇರಿನ ಹೆಸರಷ್ಟೇ ಸಾಲದು, ಆವೃತ್ತಿಯನ್ನು ಕೊನೆಯ ಅಕ್ಷರದವರೆಗೂ ಕೊಡಬೇಕು.

ಎರಡು: ಉತ್ತರದಲ್ಲಿ ಬರುವ ಅಂಕದ ಅರ್ಥವೇನು? ದೋಷಗಳ ತೀವ್ರತೆಗೆ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಆ ದೋಷ ಎಷ್ಟು ಕೆಟ್ಟದ್ದು ಎಂದು ಅಂಕ ಹೇಳುತ್ತದೆಯೇ ಹೊರತು, ಅದು ನಿಮ್ಮ ಕಂಪ್ಯೂಟರಿನಲ್ಲಿ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ.

ಮೂರು, ಇದೇ ಎಲ್ಲಕ್ಕಿಂತ ಮುಖ್ಯ: ಏನೂ ಸಿಗದಿದ್ದರೆ ‘ಸುರಕ್ಷಿತ’ ಎಂದು ಅರ್ಥವಲ್ಲ. ‘ನೀನು ಕೇಳಿದ ಹೆಸರಿನಲ್ಲಿ ಈ ಪಟ್ಟಿಯಲ್ಲಿ ಸಿಗಲಿಲ್ಲ’ ಎಂದಷ್ಟೇ. ಹೆಸರಿನ ಕಾಗುಣಿತ ತಪ್ಪಿದ್ದರೂ ಅದೇ ಉತ್ತರ ಬರುತ್ತದೆ!

ಇಷ್ಟೊಂದು ಎಚ್ಚರ ಯಾಕೆ ಎನ್ನುತ್ತೀರಾ? 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ದಾಳಿ ನಡೆದು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಚಿಕಿತ್ಸೆ ಮುಂದಕ್ಕೆ ಹೋಯಿತು. ಆ ದಾಳಿ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ಪರಿಹಾರ ಕೊಟ್ಟಿತ್ತು. ಮದ್ದು ಸಿದ್ಧವಿದ್ದರೂ ಎಷ್ಟೋ ಕಂಪ್ಯೂಟರುಗಳಿಗೆ ಅದನ್ನು ಹಾಕಿರಲಿಲ್ಲ.

ಅಂದಹಾಗೆ, ನನ್ನ ಮಾತ್ರೆಯ ಹೊಸ ಚೀಟಿಯನ್ನು ಮೊಮ್ಮಗಳೇ ಬರೆದಿದ್ದಾಳೆ. ಹೆಸರು, ಮಿಲಿಗ್ರಾಂ, ಎಷ್ಟು ಮಾತ್ರೆ ಎಲ್ಲ ಇದೆ. ಕೆಳಗೆ ಇನ್ನೊಂದು ಸಾಲು: ‘ಇದು ಸಿಗದಿದ್ದರೆ ಬೇರೆ ಕೊಡಬೇಡಿ, ಅಜ್ಜನಿಗೆ ಫೋನ್ ಮಾಡಿ.’ ನನಗೆ ಹೊಳೆಯದ ಸಾಲು ಅದು!

ಈ ವಾರದ ಕೆಲಸ: ಮಕ್ಕಳೇ, ನಿಂಬೆ ಪಾನಕ ಮಾಡುವ ಬಗೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅಜ್ಜ ಅಜ್ಜಿಯರೇ, ಬರೆದದ್ದನ್ನಷ್ಟೇ ಮಾಡಿ, ಬರೆಯದ್ದನ್ನು ಮಾಡಬೇಡಿ. ಬೀಜ ತೆಗೆಯಲು ಬರೆದಿದ್ದಾರೋ ಇಲ್ಲವೋ, ಲೋಟವೇ ಹೇಳುತ್ತದೆ. ಪಾನಕ ಕುಡಿಯುತ್ತಾ ಇಬ್ಬರೂ ಸೇರಿ ಮನೆಯ ಫೋನಿನ ಸೆಟ್ಟಿಂಗ್ಸ್ ತೆರೆದು, ಅಪ್‌ಡೇಟ್ ಬಾಕಿ ಇದೆಯೇ ನೋಡಿ. ಇದ್ದರೆ ಇವತ್ತೇ ಹಾಕಿಬಿಡಿ.